ಮಲ್ಟಿಟಚ್ ಸನ್ನೆಗಳ ಇವೆಂಟ್ ನಿರ್ವಹಣೆ

ಸ್ಪರ್ಶಪರದೆ ಅಥವಾ ಟ್ರ್ಯಾಕ್‌ಪ್ಯಾಡ್ ಮೇಲೆ ಒಟ್ಟಿಗೇ ಊರಿದ ಎರಡು ಅಥವಾ ಹೆಚ್ಚು ಬೆರಳುಗಳ ಚಲನೆಯನ್ನು ಓದಿಕೊಂಡು, ಅದನ್ನು ಹಿಗ್ಗಿಸು, ಕುಗ್ಗಿಸು, ತಿರುಗಿಸು, ಜಾರಿಸು ಎಂಬಂಥ ಆದೇಶಗಳನ್ನಾಗಿ ಮಾಡಿ, ಪರದೆಯ ಮೇಲಿನ ಚಿತ್ರ, ನಕ್ಷೆ, ಪಟ್ಟಿ, ಬಟನ್ ಮುಂತಾದವಕ್ಕೆ ತಲುಪಿಸುವ ಪ್ರೋಗ್ರಾಮಿಂಗ್ ವಿಧಾನ. ಫೋನಿನಲ್ಲಿ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡುವುದು ಇದರ ಅತಿ ಪರಿಚಿತ ಉದಾಹರಣೆ.

ಮೌಸ್ ಬಟನ್ ಒತ್ತಿದರೆ ಒತ್ತಿದ ಕ್ಷಣದಲ್ಲೇ ಏನಾಯಿತೆಂದು ಪ್ರೋಗ್ರಾಮಿಗೆ ಗೊತ್ತಾಗುತ್ತದೆ. ಬೆರಳಿನ ವಿಷಯ ಹಾಗಲ್ಲ. ಪರದೆಗೆ ಬೆರಳು ತಾಗಿದ ಕ್ಷಣದಲ್ಲಿ ಅದು ಬರೀ ತಟ್ಟುವುದೋ, ಒತ್ತಿಹಿಡಿಯುವುದೋ, ಪುಟ ಜಾರಿಸುವುದೋ, ಎರಡನೆಯ ಬೆರಳಿಗಾಗಿ ಕಾಯುತ್ತಿರುವ ಮೊದಲ ಬೆರಳೋ ಎಂದು ಹೇಳಲು ಬರುವುದಿಲ್ಲ. ಹಾರ್ಡ್‌ವೇರ್ ‘ಹಿಗ್ಗಿಸು’ ಎಂಬ ಸಂದೇಶವನ್ನು ಕಳಿಸುವುದೇ ಇಲ್ಲ. ಅದು ಕಳಿಸುವುದು ಒಂದರ ಹಿಂದೊಂದು ಬಿಂದುಗಳನ್ನು. ಸನ್ನೆ ಎನ್ನುವುದು ಆ ಬಿಂದುಗಳನ್ನು ನೋಡಿ ತಂತ್ರಾಂಶ ಮಾಡುವ ಊಹೆ. ಊಹೆಯನ್ನು ಎಷ್ಟು ಬೇಗ ಮಾಡಬೇಕು, ಅದು ಯಾರ ಕೆಲಸ, ತಪ್ಪಿದರೆ ಹೇಗೆ ಹಿಂದಕ್ಕೆ ಪಡೆಯಬೇಕು ಎಂಬುದರಲ್ಲೇ ಈ ವಿಷಯದ ಕಷ್ಟವೆಲ್ಲ ಅಡಗಿದೆ.

ಹಿನ್ನೆಲೆ

ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್‌ನ ಇ.ಎ. ಜಾನ್ಸನ್ 1965ರಲ್ಲಿ ವಿವರಿಸಿದ ಸ್ಪರ್ಶಪರದೆ ಒಂದು ಸಲಕ್ಕೆ ಒಂದೇ ಸ್ಪರ್ಶವನ್ನು ಗುರುತಿಸುತ್ತಿತ್ತು. ಹಲವು ಸ್ಪರ್ಶಗಳನ್ನು ಒಟ್ಟಿಗೆ ಓದುವ ಪ್ರಯತ್ನ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. 1982ರಲ್ಲಿ ನಿಮಿಷ್ ಮೆಹ್ತಾ ಮಸುಕು ಗಾಜಿನ ಹಿಂದೆ ಕ್ಯಾಮರಾ ಇಟ್ಟು ಬೆರಳುಗಳ ನೆರಳನ್ನು ಗುರುತಿಸುವ ಯಂತ್ರವನ್ನು ರೂಪಿಸಿದರು. 1985ರಲ್ಲಿ ಅದೇ ವಿಶ್ವವಿದ್ಯಾಲಯದ ಎಸ್.ಕೆ. ಲೀ, ಬಿಲ್ ಬಕ್ಸ್‌ಟನ್, ಕೆ.ಸಿ. ಸ್ಮಿತ್ ಅವರ ಟ್ಯಾಬ್ಲೆಟ್ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಬಳಸಿ ಹಲವು ಸ್ಪರ್ಶಗಳನ್ನು ಅಳೆಯಿತು. ಮೈರಾನ್ ಕ್ರೂಗರ್ 80ರ ದಶಕದಲ್ಲಿ ತಮ್ಮ ‘ವಿಡಿಯೋಪ್ಲೇಸ್’ನಲ್ಲಿ ಕೈಗಳ ನೆರಳುಚಿತ್ರದಿಂದಲೇ ಆಕಾರಗಳನ್ನು ಹಿಗ್ಗಿಸಿ ಕುಗ್ಗಿಸಿ ತೋರಿಸಿದ್ದರು. ಐಫೋನ್ ಬಂದ ಮೇಲೆ ಹುಟ್ಟಿದ ಸನ್ನೆ ಇದು ಎಂದುಕೊಂಡವರು ಗಮನಿಸಬೇಕಾದ ಮಾತು.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ವೇಯ್ನ್ ವೆಸ್ಟರ್‌ಮನ್ ಮತ್ತು ಜಾನ್ ಎಲಿಯಾಸ್ 1998ರಲ್ಲಿ ಕಟ್ಟಿದ ‘ಫಿಂಗರ್‌ವರ್ಕ್ಸ್’ ಕಂಪನಿ ಸನ್ನೆ ಗುರುತಿಸುವ ಕೀಲಿಮಣೆ ಮತ್ತು ಪ್ಯಾಡ್‌ಗಳನ್ನು ಮಾರುತ್ತಿತ್ತು. 2005ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. 2006ರ ಫೆಬ್ರುವರಿಯಲ್ಲಿ ಜೆಫ್ ಹ್ಯಾನ್ ಟೆಡ್ ಸಮ್ಮೇಳನದಲ್ಲಿ ತಮ್ಮ ದೊಡ್ಡ ಮಲ್ಟಿಟಚ್ ಪರದೆಯನ್ನು ತೋರಿಸಿದರು. 2007ರ ಜನವರಿ 9ರಂದು ಐಫೋನ್ ಘೋಷಣೆಯಾಯಿತು.

ಪ್ರೋಗ್ರಾಮರ್‌ಗಳ ದೃಷ್ಟಿಯಿಂದ ಮುಖ್ಯವಾದ ವರ್ಷಗಳು ಇದರ ನಂತರದವು. 2008ರಲ್ಲಿ ಐಫೋನಿಗೆ ಹೊರಗಿನವರೂ ಆಪ್ ಬರೆಯಬಹುದೆಂದಾದಾಗ ಅವರ ಕೈಗೆ ಸಿಕ್ಕಿದ್ದು ಬಹುಮಟ್ಟಿಗೆ ಹಸಿ ಸ್ಪರ್ಶಗಳೇ: ಬೆರಳು ತಾಗಿತು, ಚಲಿಸಿತು, ಎದ್ದಿತು, ರದ್ದಾಯಿತು ಎಂಬ ನಾಲ್ಕು ಸೂಚನೆಗಳು. ಹಿಗ್ಗಿಸುವ ಲೆಕ್ಕವನ್ನು ಹಲವು ಆಪಿನವರು ತಾವೇ ಬರೆದುಕೊಂಡರು. ಹೀಗಾಗಿ ಒಂದೇ ಬೆರಳಾಟಕ್ಕೆ ಒಂದೊಂದು ಆಪ್ ಒಂದೊಂದು ಬಗೆಯಲ್ಲಿ ಕುಣಿಯುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಜೊತೆ ಬಂದ ಐಫೋನ್ ಓಎಸ್ (ಈಗಿನ ಐಓಎಸ್) 3.2ರಲ್ಲಿ ಸಿದ್ಧ ‘ಜೆಸ್ಚರ್ ರೆಕಗ್ನೈಸರ್’ಗಳು ಸೇರಿದವು. ಆಂಡ್ರಾಯ್ಡ್‌ನಲ್ಲಿ ಮಲ್ಟಿಟಚ್ ಇವೆಂಟ್‌ಗಳು 2009ರ 2.0 ಆವೃತ್ತಿಯಲ್ಲೂ ಹಿಗ್ಗಿಸುವಿಕೆಯನ್ನು ಗುರುತಿಸುವ ‘ಸ್ಕೇಲ್ ಜೆಸ್ಚರ್ ಡಿಟೆಕ್ಟರ್’ 2010ರ 2.2 ಆವೃತ್ತಿಯಲ್ಲೂ ಬಂದವು. ಸ್ಪರ್ಶ ಸನ್ನೆಗಳನ್ನು ತಂದ ವಿಂಡೋಸ್ 7 ಮತ್ತು ಹಲವು ವೇದಿಕೆಗಳಿಗೆ ಒಂದೇ ಕೋಡ್ ಬರೆಯುವ ಸಲಕರಣೆಯಾದ ಕ್ಯೂಟಿಯ 4.6 ಆವೃತ್ತಿ ಎರಡೂ 2009ರವು.

ಪರದೆಯಿಂದ ಪ್ರೋಗ್ರಾಮಿಗೆ

ಇಂದಿನ ಫೋನಿನ ಗಾಜಿನ ಕೆಳಗೆ ಅಡ್ಡ ಮತ್ತು ಉದ್ದದ ಪಾರದರ್ಶಕ ವಿದ್ಯುತ್ ಗೆರೆಗಳ ಜಾಲವಿರುತ್ತದೆ. ಗೆರೆಗಳು ಒಂದನ್ನೊಂದು ಹಾಯುವ ಪ್ರತಿ ಜಾಗದ ಕೆಪ್ಯಾಸಿಟೆನ್ಸನ್ನು ಚಿಪ್ ಬೇರೆಬೇರೆಯಾಗಿ ಅಳೆಯುತ್ತದೆ. ಬೆರಳು ಬಂದ ಕಡೆ ಅದು ಕಡಿಮೆಯಾಗುತ್ತದೆ. ಅಗ್ಗದ ವಿನ್ಯಾಸಗಳಲ್ಲಿ ಅಡ್ಡಗೆರೆ, ಉದ್ದಗೆರೆಗಳನ್ನು ಇಡಿಯಾಗಿ ಅಳೆಯುವುದುಂಟು. ಅಲ್ಲಿ ಎರಡು ಬೆರಳು ಇಟ್ಟರೆ ಎರಡು ಅಡ್ಡ, ಎರಡು ಉದ್ದ ಗೆರೆಗಳು ಎಚ್ಚರಗೊಂಡು ಅವು ಹಾಯುವ ನಾಲ್ಕೂ ಜಾಗಗಳು ಬೆರಳಿನಂತೆ ಕಾಣುತ್ತವೆ. ನಾಲ್ಕರಲ್ಲಿ ಎರಡು ಭ್ರಮೆ. ಅಂಥ ಪರದೆಯಲ್ಲಿ ಹಿಗ್ಗಿಸುವಿಕೆ ಹೇಗೋ ನಡೆಯುತ್ತದೆ, ಏಕೆಂದರೆ ಯಾವ ಕರ್ಣವನ್ನು ತೆಗೆದುಕೊಂಡರೂ ಅದರ ಉದ್ದ ಒಂದೇ. ತಿರುಗಿಸುವಿಕೆ ಮಾತ್ರ ದಿಕ್ಕು ತಪ್ಪುತ್ತದೆ. ಸಾಧನದ ಲಕ್ಷಣಗಳಲ್ಲಿ ‘ಮಲ್ಟಿಟಚ್’ ಎಂದು ಬರೆದಿದ್ದರೂ ಎಲ್ಲ ಸನ್ನೆಗಳೂ ಸಿಗಲೇಬೇಕೆಂದಿಲ್ಲ.

ಈ ಅಳತೆಗಳು ಕಾರ್ಯಾಚರಣಾ ವ್ಯವಸ್ಥೆಯ ಕರ್ನೆಲ್‌ಗೆ ತಲುಪುವ ಬಗೆಗೆ ಲಿನಕ್ಸ್ ಒಳ್ಳೆಯ ಉದಾಹರಣೆ; ಆಂಡ್ರಾಯ್ಡ್ ಫೋನುಗಳ ಬುಡದಲ್ಲಿರುವುದೂ ಅದೇ. 2009ರಲ್ಲಿ ಲಿನಕ್ಸ್ 2.6.30ರಲ್ಲಿ ಬಂದ ಮೊದಲ ಕ್ರಮದಲ್ಲಿ ಪ್ರತಿ ಸುತ್ತಿಗೂ ಎಲ್ಲ ಬಿಂದುಗಳನ್ನೂ ಹೆಸರಿಲ್ಲದೆ ಸುರಿಯಲಾಗುತ್ತಿತ್ತು. ಹಿಂದಿನ ಸುತ್ತಿನ ಯಾವ ಬಿಂದು ಈಗ ಎಲ್ಲಿಗೆ ಬಂತು ಎಂದು ಹೊಂದಿಸಿಕೊಳ್ಳುವುದು ಮೇಲಿನ ತಂತ್ರಾಂಶದ ತಲೆನೋವು. ಅದರ ಬೆನ್ನಲ್ಲೇ ಬಂದ ಎರಡನೆಯ ಕ್ರಮದಲ್ಲಿ ಪ್ರತಿ ಬೆರಳಿಗೂ ಒಂದು ‘ಸ್ಲಾಟ್’, ಅದರೊಳಗೆ ಒಂದು ಗುರುತುಸಂಖ್ಯೆ. ಬದಲಾದದ್ದನ್ನಷ್ಟೇ ಕಳಿಸಲಾಗುತ್ತದೆ, ಬೆರಳು ಎದ್ದಾಗ ಗುರುತುಸಂಖ್ಯೆ ಮೈನಸ್ 1 ಆಗುತ್ತದೆ. ಬೆರಳಿನ ಗುರುತನ್ನು ಕೆಳಹಂತದಲ್ಲೇ ಇತ್ಯರ್ಥ ಮಾಡಿ ಮೇಲೆ ಕಳಿಸುವ ಈ ನಿರ್ಧಾರ ಮೇಲಿನ ಸಾಫ್ಟ್‌ವೇರ್ ಬರೆಯುವವರ ದೊಡ್ಡ ಹೊರೆಯನ್ನು ಇಳಿಸಿತು.

ಬೆರಳಿನ ಗುರುತು

ಹೊರೆ ಪೂರ್ತಿ ಇಳಿಯಲಿಲ್ಲ ಎನ್ನುವುದಕ್ಕೆ ಆಂಡ್ರಾಯ್ಡ್‌ನ ‘ಮೋಷನ್ ಇವೆಂಟ್’ ಸಾಕ್ಷಿ. ಮೊದಲ ಬೆರಳು ತಾಗಿದಾಗ ‘ಆ್ಯಕ್ಷನ್ ಡೌನ್’, ಆಮೇಲಿನ ಬೆರಳುಗಳಿಗೆ ‘ಪಾಯಿಂಟರ್ ಡೌನ್’. ಯಾವ ಬೆರಳು ಸರಿದರೂ ಎಲ್ಲಕ್ಕೂ ಸೇರಿ ಒಂದೇ ‘ಮೂವ್’. ಕೆಲವು ಬೆರಳು ಇನ್ನೂ ಉಳಿದಿರುವಾಗ ಒಂದು ಎದ್ದರೆ ‘ಪಾಯಿಂಟರ್ ಅಪ್’, ಕೊನೆಯದು ಎದ್ದರೆ ‘ಅಪ್’. ಪ್ರತಿ ಇವೆಂಟ್‌ನಲ್ಲೂ ಬೆರಳುಗಳ ಒಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಬೆರಳಿಗಿರುವ ಸ್ಥಾನ ಬೇರೆ, ಗುರುತುಸಂಖ್ಯೆ ಬೇರೆ. ಬ್ಯಾಂಕಿನ ಸಾಲಿನಲ್ಲಿ ಮುಂದಿನವರು ಹೊರಟರೆ ಹಿಂದಿನವರು ಒಂದು ಹೆಜ್ಜೆ ಮುಂದಾಗುತ್ತಾರೆ, ಆದರೆ ಕೈಯಲ್ಲಿರುವ ಟೋಕನ್ ಸಂಖ್ಯೆ ಬದಲಾಗುವುದಿಲ್ಲ, ಇಲ್ಲೂ ಹಾಗೆಯೇ.

ಇದನ್ನು ಮರೆತರೆ ಆಗುವುದು ಇಷ್ಟು. ಹೆಬ್ಬೆರಳು (100, 200)ರಲ್ಲಿ, ತೋರುಬೆರಳು (400, 600)ರಲ್ಲಿ ಊರಿವೆ. ಪ್ರೋಗ್ರಾಂ ಪಟ್ಟಿಯ ಸೊನ್ನೆಯ ಸ್ಥಾನದಲ್ಲಿರುವ ಬೆರಳನ್ನು ಹಿಂಬಾಲಿಸಿ ಚಿತ್ರವನ್ನು ಸರಿಸುತ್ತಿದೆ. ಬಳಕೆದಾರ ಹೆಬ್ಬೆರಳನ್ನು ಎತ್ತುತ್ತಾನೆ. ಮುಂದಿನ ‘ಮೂವ್’ನಲ್ಲಿ ಸೊನ್ನೆಯ ಸ್ಥಾನಕ್ಕೆ ತೋರುಬೆರಳು ಬಂದಿರುತ್ತದೆ. ಪ್ರೋಗ್ರಾಮಿನ ಲೆಕ್ಕದಲ್ಲಿ ‘ಬೆರಳು’ ಒಂದೇ ಏಟಿಗೆ 300 ಪಿಕ್ಸೆಲ್ ಬಲಕ್ಕೆ, 400 ಪಿಕ್ಸೆಲ್ ಕೆಳಕ್ಕೆ ಹೋಯಿತು. ಚಿತ್ರವೂ ಅಷ್ಟೇ ನೆಗೆಯುತ್ತದೆ. ಹಿಗ್ಗಿಸಿ ಕೈ ಬಿಡುವಾಗ ಫೋಟೋ ಪಕ್ಕಕ್ಕೆ ಹಾರುವ ಆಪ್‌ಗಳನ್ನು ಬಳಸದವರಿಲ್ಲ. ಅವುಗಳಲ್ಲಿ ಬಹುಪಾಲಿನ ಮೂಲ ಇದೇ ಎನ್ನಬಹುದು. ಪರಿಹಾರ ಸರಳ: ಹಿಂಬಾಲಿಸುವ ಬೆರಳಿನ ಗುರುತುಸಂಖ್ಯೆಯನ್ನು ಇಟ್ಟುಕೊಂಡು ಪ್ರತಿ ಸಲವೂ ಅದರ ಈಗಿನ ಸ್ಥಾನವನ್ನು ಕೇಳಬೇಕು, ಆ ಬೆರಳೇ ಎದ್ದರೆ ಉಳಿದ ಬೆರಳಿಗೆ ಬದಲಾಯಿಸಿ, ಹಿಂದಿನ ಬಿಂದುವನ್ನೂ ಅದರದ್ದಕ್ಕೇ ತಿದ್ದಬೇಕು. ಇದರಲ್ಲಿ ಇನ್ನೊಂದು ಕೊಕ್ಕೆ ಇದೆ. ‘ಪಾಯಿಂಟರ್ ಅಪ್’ ಬಂದಾಗ ಹೊರಡುತ್ತಿರುವ ಬೆರಳು ಪಟ್ಟಿಯಲ್ಲಿ ಇನ್ನೂ ಇರುತ್ತದೆ. ಅದನ್ನು ಬಿಟ್ಟು ಎಣಿಸಬೇಕು. ಗುರುತುಸಂಖ್ಯೆ ಶಾಶ್ವತವೂ ಅಲ್ಲ. ಬೆರಳು ಎದ್ದ ಮೇಲೆ ಅದೇ ಸಂಖ್ಯೆ ಮುಂದೆ ತಾಗುವ ಬೇರೆ ಬೆರಳಿಗೆ ಸಿಗುತ್ತದೆ.

ಐಓಎಸ್‌ನಲ್ಲಿ ಈ ತೊಡಕಿಲ್ಲ. ಒಂದು ಬೆರಳು ತಾಗಿದಾಗಿನಿಂದ ಏಳುವ ತನಕ ಒಂದೇ ‘ಯುಐಟಚ್’ ಆಬ್ಜೆಕ್ಟ್ ಅದನ್ನು ಪ್ರತಿನಿಧಿಸುತ್ತದೆ. ಆದರೆ ಅಲ್ಲಿ ಸಾಮಾನ್ಯ ವ್ಯೂ (ಪರದೆಯ ಒಂದು ಭಾಗ) ಒಂದಕ್ಕೆ ಬಹುಸ್ಪರ್ಶದ ಸೌಲಭ್ಯ ಮೊದಲಿಗೆ ಮುಚ್ಚಿರುತ್ತದೆ. ತೆರೆಯದಿದ್ದರೆ ಎರಡನೆಯ ಬೆರಳಿನ ಸುಳಿವೇ ಬರುವುದಿಲ್ಲ, ದೋಷಸೂಚನೆಯೂ ಇಲ್ಲ. ಹೊಸಬರು ಇಲ್ಲಿ ಒಂದು ಸಂಜೆ ಕಳೆಯುವುದು ಮಾಮೂಲು.

ಹಿಗ್ಗಿಸುವ ಲೆಕ್ಕ

ಎರಡು ಬೆರಳುಗಳಿಂದ ಮೂರು ಸಂಗತಿಗಳನ್ನು ಪಡೆಯಬಹುದು: ಅವುಗಳ ನಡುವಿನ ದೂರ, ನಡುಬಿಂದು, ಮತ್ತು ಅವನ್ನು ಸೇರಿಸುವ ಗೆರೆಯ ಕೋನ. ದೂರದ ಅನುಪಾತ ಹಿಗ್ಗುವಿಕೆ, ನಡುಬಿಂದುವಿನ ಚಲನೆ ಜಾರಿಕೆ, ಕೋನದ ವ್ಯತ್ಯಾಸ ತಿರುಗುವಿಕೆ. ಮೇಲಿನ ಬೆರಳುಗಳನ್ನೇ ತೆಗೆದುಕೊಂಡರೆ ಅಡ್ಡ 300, ಉದ್ದ 400, ಆದ್ದರಿಂದ ನಡುವಿನ ದೂರ 500. ಅವು (40, 120) ಮತ್ತು (460, 680)ಕ್ಕೆ ಅಗಲಿದವು ಎನ್ನೋಣ. ಈಗ ದೂರ 700. ಚಿತ್ರ 1.4 ಪಟ್ಟು ಹಿಗ್ಗಬೇಕು.

ಹಿಗ್ಗಿಸಿದರೆ ಸಾಲದು, ಎಲ್ಲಿಂದ ಹಿಗ್ಗಿಸಬೇಕು ಎಂಬುದೂ ಮುಖ್ಯ. ಚಿತ್ರದ ಎಡ ಮೇಲ್ಮೂಲೆ (50, 100)ರಲ್ಲಿದೆ. ನಡುಬಿಂದು ಮೊದಲೂ ಈಗಲೂ (250, 400). ಮೂಲೆ ನಡುಬಿಂದುವಿಗಿಂತ 200 ಎಡಕ್ಕೆ, 300 ಮೇಲಕ್ಕೆ ಇತ್ತು; 1.4ರಿಂದ ಗುಣಿಸಿದರೆ 280 ಮತ್ತು 420. ಹೊಸ ಮೂಲೆ (-30, -20). ತಾಳೆ ನೋಡಬಹುದು: ಹೆಬ್ಬೆರಳು ಮೊದಲು ಚಿತ್ರದೊಳಗಿನ (50, 100) ಬಿಂದುವಿನ ಮೇಲಿತ್ತು. ಹಿಗ್ಗಿದ ಮೇಲೆ ಅದೇ ಬಿಂದು ಅಡ್ಡಕ್ಕೆ -30 + 70 = 40, ಉದ್ದಕ್ಕೆ -20 + 140 = 120ರಲ್ಲಿ ಬರುತ್ತದೆ; ಹೆಬ್ಬೆರಳು ಈಗ ಇರುವುದೂ ಅಲ್ಲೇ. ಬೆರಳಡಿಯ ಬಿಂದು ಬೆರಳಡಿಯಲ್ಲೇ ಉಳಿಯಿತು. ಈ ಒಂದು ನಿಯಮ ಪಾಲಿಸಿದರೆ ಚಿತ್ರ ಕೈಗೆ ಅಂಟಿಕೊಂಡಂತೆ ಅನಿಸುತ್ತದೆ. ಪಾಲಿಸದೆ ಮೂಲೆಯಿಂದಲೋ ಪರದೆಯ ಕೇಂದ್ರದಿಂದಲೋ ಹಿಗ್ಗಿಸಿದರೆ, ಗುಂಪುಚಿತ್ರದಲ್ಲಿ ನೋಡಬೇಕಿದ್ದ ಮುಖವೇ ಪರದೆಯಾಚೆ ಹೋಗುತ್ತದೆ.

ಕೋನದ ಲೆಕ್ಕದಲ್ಲಿ ಒಂದು ಎಚ್ಚರಿಕೆ ಬೇಕು. ಕೋನ 179 ಡಿಗ್ರಿಯಿಂದ ಎರಡು ಡಿಗ್ರಿ ಮುಂದೆ ಹೋದರೆ ಕೋನ ಹೇಳುವ ‘ಏಟ್ಯಾನ್2’ ಫಲನ ಕೊಡುವುದು -179. ನೇರವಾಗಿ ಕಳೆದರೆ ಚಿತ್ರ 358 ಡಿಗ್ರಿ ಹಿಂದಕ್ಕೆ ಸುತ್ತುತ್ತದೆ. ವ್ಯತ್ಯಾಸವನ್ನು ±180ರೊಳಗೆ ತಂದುಕೊಂಡರೆ ಆಯಿತು. ಬೆರಳುಗಳು ತೀರ ಹತ್ತಿರ ಬಂದಾಗ ಒಂದು ಪಿಕ್ಸೆಲ್ ನಡುಕವೂ ದೊಡ್ಡ ಅನುಪಾತವಾಗುವುದರಿಂದ, ಒಂದು ಕನಿಷ್ಠ ಅಂತರಕ್ಕಿಂತ ಕೆಳಗೆ ಹಿಗ್ಗಿಸುವಿಕೆಯನ್ನು ನಿಲ್ಲಿಸುವುದು ರೂಢಿ.

ಸಿದ್ಧ ಸನ್ನೆಗುರುತುಕಗಳನ್ನು (ಜೆಸ್ಚರ್ ರೆಕಗ್ನೈಸರ್) ಬಳಸಿದರೆ ಈ ಗಣಿತ ಬರೆಯಬೇಕಿಲ್ಲ, ಆದರೆ ಅವು ಕೊಡುವ ಸಂಖ್ಯೆಯ ಅರ್ಥ ಒಂದೊಂದು ವೇದಿಕೆಯಲ್ಲಿ ಒಂದೊಂದು. ಐಓಎಸ್‌ನ ಪಿಂಚ್ (ಹಿಗ್ಗಿಸು-ಕುಗ್ಗಿಸು) ಅನುಪಾತ ಸನ್ನೆ ಆರಂಭವಾದಾಗಿನಿಂದ ಒಟ್ಟು ಎಷ್ಟು ಎಂಬುದು. ಆಂಡ್ರಾಯ್ಡ್‌ನದು ಹಿಂದಿನ ಇವೆಂಟ್‌ನಿಂದ ಈಚೆಗೆ ಎಷ್ಟು ಎಂಬುದು. ಮ್ಯಾಕ್‌ನ ಟ್ರ್ಯಾಕ್‌ಪ್ಯಾಡ್ ಕೊಡುವುದು ಗುಣಿಸುವ ಅಂಶವನ್ನಲ್ಲ, ಹೆಚ್ಚಿದ ಪ್ರಮಾಣವನ್ನು. ಒಂದರ ಕೋಡನ್ನು ಇನ್ನೊಂದಕ್ಕೆ ಹಾಗೇ ತಂದು, ಒಟ್ಟು ಅನುಪಾತವನ್ನು ಪ್ರತಿ ಸಲ ಗುಣಿಸುತ್ತ ಹೋದರೆ ಚಿತ್ರ ಕ್ಷಣಾರ್ಧದಲ್ಲಿ ಆಕಾಶಕ್ಕೆ ಬೆಳೆಯುತ್ತದೆ. ಕ್ಯೂಟಿ ಒಟ್ಟು ಅನುಪಾತ, ಬಿಡಿ ಅನುಪಾತ ಎರಡನ್ನೂ ಬೇರೆಬೇರೆ ಹೆಸರಿನಲ್ಲಿ ಕೊಟ್ಟು ಈ ಗೊಂದಲವನ್ನು ಜಾಣತನದಿಂದ ತಪ್ಪಿಸಿದೆ. ಕೋನವನ್ನು ಐಓಎಸ್ ರೇಡಿಯನ್‌ನಲ್ಲೂ ಕ್ಯೂಟಿ ಡಿಗ್ರಿಯಲ್ಲೂ ಕೊಡುತ್ತವೆ.

ಸನ್ನೆ ಯಾವುದು, ಯಾರದು

ಬೆರಳು ಎಂದೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಹಾಗಾಗಿ ತಟ್ಟುವಿಕೆಗೂ ಜಾರಿಕೆಗೂ ನಡುವೆ ಒಂದು ಗಡಿ ಬೇಕು. ಆಂಡ್ರಾಯ್ಡ್‌ನಲ್ಲಿ ಇದು ಸಾಮಾನ್ಯವಾಗಿ 8 ಡಿಪಿ. ಇಂಚಿಗೆ 160 ಡಿಪಿ ಲೆಕ್ಕದಲ್ಲಿ ಸುಮಾರು 1.3 ಮಿಲಿಮೀಟರ್. ಐಓಎಸ್‌ನ ಒತ್ತಿಹಿಡಿಯುವ ಸನ್ನೆಗೆ ಅರ್ಧ ಸೆಕೆಂಡು ಕಾಯಬೇಕು, ಅಷ್ಟರಲ್ಲಿ ಬೆರಳು 10 ಪಾಯಿಂಟ್‌ಗಿಂತ ಹೆಚ್ಚು ಸರಿಯಬಾರದು. ಗಡಿ ದಾಟಿದ ಕ್ಷಣದಲ್ಲಿ ಮೊದಲ ಸ್ಪರ್ಶದಿಂದ ಲೆಕ್ಕ ಹಾಕಿದರೆ ಪಟ್ಟಿ ಆ 8 ಡಿಪಿಯಷ್ಟು ಜಿಗಿಯುತ್ತದೆ. ದಾಟಿದ ಬಿಂದುವಿನಿಂದ ಹಾಕಿದರೆ ನಯವಾಗಿ ಹೊರಡುತ್ತದೆ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ, ‘ಈ ಆಪ್ ಯಾಕೋ ಒರಟು’ ಎನಿಸುತ್ತದೆ ಅಷ್ಟೆ.

ಕಾಯುವುದಕ್ಕೂ ಬೆಲೆಯಿದೆ. ಒಂದೇ ಜಾಗದಲ್ಲಿ ಒಂದು ತಟ್ಟು, ಎರಡು ತಟ್ಟು ಎರಡಕ್ಕೂ ಬೇರೆಬೇರೆ ಅರ್ಥವಿದ್ದರೆ, ಮೊದಲ ತಟ್ಟಿನ ಬಳಿಕ ಎರಡನೆಯದು ಬರುವುದೋ ಇಲ್ಲವೋ ಎಂದು ಸುಮಾರು 300 ಮಿಲಿಸೆಕೆಂಡ್ ಸುಮ್ಮನಿರಬೇಕಾಗುತ್ತದೆ. ಈ ವಿಳಂಬ ಬೇಡವೆಂದರೆ ಎರಡು ತಟ್ಟಿನ ಸನ್ನೆಯನ್ನು ಬಿಡಬೇಕು, ಇಲ್ಲವೇ ಮೊದಲ ತಟ್ಟಿನ ಕೆಲಸ ಎರಡನೆಯದಕ್ಕೆ ಅಡ್ಡ ಬರದಂತೆ ವಿನ್ಯಾಸ ಮಾಡಬೇಕು. ಎರಡನೆಯದೇ ಮೇಲು: ಫೋಟೋವನ್ನು ಒಮ್ಮೆ ತಟ್ಟಿದರೆ ಆಯ್ಕೆಯಾಗಲಿ, ಮತ್ತೆ ತಟ್ಟಿದರೆ ತೆರೆಯಲಿ. ಆಗ ಕಾಯುವ ಪ್ರಶ್ನೆಯೇ ಇಲ್ಲ.

ಐಓಎಸ್‌ನ ಸನ್ನೆಗುರುತುಕ ಒಂದು ಸ್ಥಿತಿಯಂತ್ರ. ಮೊದಲು ‘ಸಾಧ್ಯ’ ಸ್ಥಿತಿ, ಅಲ್ಲಿಂದ ‘ಆರಂಭ’ಕ್ಕೆ ಅಥವಾ ‘ವಿಫಲ’ಕ್ಕೆ, ಆರಂಭವಾದರೆ ‘ಬದಲಾವಣೆ’ಗಳ ನಂತರ ‘ಮುಕ್ತಾಯ’ ಅಥವಾ ‘ರದ್ದು’. ಪಿಂಚ್, ರೊಟೇಷನ್ ಎರಡೂ ಒಂದೇ ಚಿತ್ರಕ್ಕೆ ಅಂಟಿಸಿದ್ದರೆ, ಮೊದಲಿಗೆ ಒಂದು ಗೆದ್ದೊಡನೆ ಇನ್ನೊಂದು ಬಿದ್ದುಹೋಗುತ್ತದೆ. ಎರಡೂ ಒಟ್ಟಿಗೆ ನಡೆಯಬೇಕೆಂದರೆ ಪ್ರೋಗ್ರಾಮರ್ ಒಪ್ಪಿಗೆ ಕೊಡಬೇಕು. ‘ಇದು ವಿಫಲವಾದರೆ ಮಾತ್ರ ಅದು’ ಎಂಬ ಅವಲಂಬನೆಯನ್ನೂ ಬರೆಯಬಹುದು.

ಆಪ್ ಕಟ್ಟುವ ಚೌಕಟ್ಟಾದ ಫ್ಲಟರ್‌ನಲ್ಲಿ ಇದೇ ಸ್ಪರ್ಧೆಗೆ ‘ಅಖಾಡ’ ಎಂದೇ ಹೆಸರು. ಬೆರಳು ತಾಗಿದಾಗ ಅದರ ಕೆಳಗಿನ ಎಲ್ಲ ಗುರುತುಕಗಳೂ ಅಖಾಡಕ್ಕಿಳಿಯುತ್ತವೆ. ಯಾವುದಾದರೂ ಒಂದು ಗೆಲುವು ಸಾರಬಹುದು, ಸೋಲು ಒಪ್ಪಬಹುದು. ಒಂದೇ ಉಳಿದರೆ ಅದೇ ಗೆದ್ದಂತೆ. ಬೆರಳು ಎದ್ದರೂ ಇತ್ಯರ್ಥವಾಗದಿದ್ದರೆ ಮೊದಲು ಇಳಿದದ್ದಕ್ಕೆ ಗೆಲುವು. ಆಂಡ್ರಾಯ್ಡ್‌ನ ಮೂಲ ವ್ಯವಸ್ಥೆ ಇದಕ್ಕಿಂತ ಹಳೆಯ ಕ್ರಮದ್ದು: ಹೊರಗಿನ ವ್ಯೂ ಒಳಗಿನದಕ್ಕೆ ಹೋಗುವ ಇವೆಂಟನ್ನು ಇಣುಕಿ ನೋಡಿ, ಬೇಕೆನಿಸಿದರೆ ನಡುದಾರಿಯಲ್ಲೇ ಕಸಿದುಕೊಳ್ಳುತ್ತದೆ. ಉದ್ದಕ್ಕೆ ಜಾರುವ ಪುಟದೊಳಗೆ ಹಿಗ್ಗಿಸಬಲ್ಲ ನಕ್ಷೆ ಇಟ್ಟಾಗ, ನಕ್ಷೆಯ ಮೇಲೆ ಬೆರಳಾಡಿಸಿದರೆ ಪುಟವೇ ಜಾರಿಬಿಡುವುದು ಈ ಕಸಿಯುವಿಕೆಯಿಂದ. ನಕ್ಷೆ ತನ್ನ ಮೇಲೆ ಬೆರಳು ತಾಗಿದೊಡನೆ ‘ಕಸಿಯಬೇಡ’ ಎಂದು ಹೊರಗಿನದಕ್ಕೆ ಕೇಳಿಕೊಳ್ಳಬೇಕು. ಮೂರರಲ್ಲಿ ಫ್ಲಟರ್‌ನ ಅಖಾಡ ಓದಲು ಸ್ಪಷ್ಟ. ಆದರೆ ಬಳಕೆದಾರನಿಗೆ ಯಾವುದು ಸಹಜ ಎಂಬ ನಿರ್ಧಾರವನ್ನು ಮೂರೂ ಪ್ರೋಗ್ರಾಮರ್‌ಗೇ ಬಿಡುತ್ತವೆ.

ರದ್ದು

ಕಸಿದುಕೊಂಡಾಗ ಒಳಗಿನ ವ್ಯೂಗೆ ‘ಕ್ಯಾನ್ಸಲ್’ ಇವೆಂಟ್ ಬರುತ್ತದೆ. ಇವೆಂಟ್‌ಗಳಲ್ಲೆಲ್ಲ ಅತಿ ಕಡೆಗಣಿತವಾದದ್ದು ಇದೇ. ಫೋನ್ ಕರೆ ಬಂದಾಗ, ಪರದೆಯ ಅಂಚಿನಿಂದ ಎಳೆದು ವ್ಯವಸ್ಥೆಯ ಸನ್ನೆ ಶುರುವಾದಾಗ, ವ್ಯವಸ್ಥೆ ಸ್ಪರ್ಶವನ್ನು ಹಿಂದಕ್ಕೆ ಪಡೆಯುತ್ತದೆ. ಆಮೇಲೆ ‘ಬೆರಳು ಎದ್ದಿತು’ ಎಂಬ ಸೂಚನೆ ಬರುವುದೇ ಇಲ್ಲ. ಏಳುವುದನ್ನು ಮಾತ್ರ ಕಾಯುತ್ತಿದ್ದ ಕೋಡಿನಲ್ಲಿ ಬಟನ್ ಒತ್ತಿದ ಬಣ್ಣದಲ್ಲೇ ಉಳಿಯುತ್ತದೆ, ಎಳೆಯುತ್ತಿದ್ದ ಚಿತ್ರ ಗಾಳಿಯಲ್ಲಿ ನಿಲ್ಲುತ್ತದೆ, ಆಟದ ಕಾರು ವೇಗ ಇಳಿಸದೆ ಓಡುತ್ತದೆ. ರದ್ದನ್ನು ಏಳುವುದರಂತೆ ನೋಡುವುದೂ ತಪ್ಪು. ಎದ್ದಾಗ ‘ಹಣ ಕಳಿಸು’ ಕೆಲಸ ನಡೆಯಬೇಕು. ರದ್ದಾದಾಗ ಬಟನ್ ಮೊದಲಿನ ಸ್ಥಿತಿಗೆ ಮರಳಬೇಕು, ಹಣ ಹೋಗಬಾರದು.

ವೆಬ್‌ನಲ್ಲಿ

ಬ್ರೌಸರ್‌ಗಳಿಗೆ ಎರಡು ಮಾದರಿಗಳು ಬಂದವು. ಸಫಾರಿಯಲ್ಲಿ ಹುಟ್ಟಿದ ಟಚ್ ಇವೆಂಟ್‌ಗಳು 2013ರ ಅಕ್ಟೋಬರ್‌ನಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾದವು. ಮೈಕ್ರೋಸಾಫ್ಟ್ ಮುಂದಿಟ್ಟ ಪಾಯಿಂಟರ್ ಇವೆಂಟ್‌ಗಳು 2015ರ ಫೆಬ್ರುವರಿಯಲ್ಲಿ ಶಿಫಾರಸಾದರೂ ಕ್ರೋಮ್ ಅವನ್ನು 2016ರ ಕೊನೆಗೆ, ಸಫಾರಿ 2019ರಲ್ಲಿ ಒಪ್ಪಿಕೊಂಡವು. ಮೊದಲ ಮಾದರಿಯಲ್ಲಿ ಪ್ರತಿ ಇವೆಂಟ್‌ಗೂ ಬೆರಳುಗಳ ಮೂರು ಪಟ್ಟಿ: ಪರದೆಯ ಮೇಲಿನ ಎಲ್ಲವೂ, ಈ ಅಂಶದ ಮೇಲೆ ಊರಿದವು, ಈಗ ಬದಲಾದವು. ಎರಡನೆಯದರಲ್ಲಿ ಮೌಸ್, ಪೆನ್, ಬೆರಳು ಎಲ್ಲಕ್ಕೂ ಒಂದೇ ಬಗೆಯ ಇವೆಂಟ್, ಬೆರಳಿಗೊಂದು ಸಂಖ್ಯೆ, ಪಟ್ಟಿಯಿಲ್ಲ. ಈಗ ಯಾವ ಬೆರಳುಗಳು ಊರಿವೆ ಎಂಬ ಲೆಕ್ಕವನ್ನು ಪುಟದ ಕೋಡೇ ಇಟ್ಟುಕೊಳ್ಳಬೇಕು. ಹೊಸದಾಗಿ ಬರೆಯುವವರು ಪಾಯಿಂಟರ್ ಇವೆಂಟ್‌ಗಳನ್ನೇ ಹಿಡಿಯುವುದು ಒಳ್ಳೆಯದು. ಮೌಸ್‌ಗೆ ಬೇರೆ ಕೋಡ್ ಬರೆಯುವ ದ್ವಿಗುಣ ಕೆಲಸ ತಪ್ಪುತ್ತದೆ.

ವೆಬ್‌ನ ವಿಶೇಷ ತೊಡಕೆಂದರೆ ಬ್ರೌಸರ್‌ಗೂ ಅದೇ ಸನ್ನೆಗಳು ಬೇಕು. ಪುಟ ಜಾರಿಸುವುದು, ಹಿಗ್ಗಿಸುವುದು ಅದರ ಹಕ್ಕು. ಪುಟದ ಕೋಡ್ ‘ನಿನ್ನ ಕೆಲಸ ಮಾಡಬೇಡ’ ಎನ್ನಬಹುದಾದ್ದರಿಂದ ಬ್ರೌಸರ್ ಪ್ರತಿ ಸ್ಪರ್ಶಕ್ಕೂ ಆ ಕೋಡಿನ ಉತ್ತರಕ್ಕೆ ಕಾಯಬೇಕಿತ್ತು, ಪುಟ ತಡವರಿಸುತ್ತಿತ್ತು. 2017ರ ಕ್ರೋಮ್ 56, ಇಡೀ ಪುಟಕ್ಕೆ ಹಚ್ಚಿದ ಟಚ್ ಕೇಳುಗಗಳು (ಇವೆಂಟ್‌ಗೆ ಕಾಯುವ ಕೋಡ್) ‘ಬೇಡ’ ಎನ್ನುವುದಿಲ್ಲ ಎಂದೇ ಭಾವಿಸತೊಡಗಿತು. ಪುಟಗಳು ಚುರುಕಾದವು, ಕೆಲವು ಹಳೆಯ ಪುಟಗಳು ಕೆಟ್ಟವು. ಸರಿಯಾದ ದಾರಿ ಸಿಎಸ್‌ಎಸ್‌ನ ‘ಟಚ್-ಆ್ಯಕ್ಷನ್’: ಯಾವ ಅಂಶದ ಮೇಲೆ ಬ್ರೌಸರ್ ಏನು ಮಾಡಬಹುದು ಎಂದು ಮುಂಚೆಯೇ ಘೋಷಿಸುವುದು. ನಕ್ಷೆಯ ಮೇಲೆ ‘ಯಾವುದೂ ಬೇಡ’, ಅಡ್ಡಕ್ಕೆ ಸರಿಯುವ ಚಿತ್ರಮಾಲೆಯ ಮೇಲೆ ‘ಉದ್ದ ಜಾರಿಕೆ ಮಾತ್ರ ನಿನ್ನದು’. ಘೋಷಿಸದಿದ್ದರೆ ಬೆರಳು ನಾಲ್ಕು ಹೆಜ್ಜೆ ಸರಿದ ಮೇಲೆ ಬ್ರೌಸರ್ ಸನ್ನೆಯನ್ನು ತಾನು ತೆಗೆದುಕೊಂಡು ಪುಟಕ್ಕೆ ‘ಪಾಯಿಂಟರ್ ಕ್ಯಾನ್ಸಲ್’ ಕಳಿಸುತ್ತದೆ. ‘ಅರ್ಧಕ್ಕೇ ನಿಲ್ಲುತ್ತದೆ’ ಎಂಬ ದೂರಿಗೆ ಮೊದಲು ನೋಡಬೇಕಾದ ಜಾಗ ಇದು.

ಡೆಸ್ಕ್‌ಟಾಪ್ ಮತ್ತು ಟ್ರ್ಯಾಕ್‌ಪ್ಯಾಡ್

ವಿಂಡೋಸ್ 7ರಲ್ಲಿ ಎರಡರಲ್ಲೊಂದನ್ನು ಆರಿಸಬೇಕಿತ್ತು. ಸುಮ್ಮನಿದ್ದರೆ ಸಿದ್ಧ ಸನ್ನೆಗಳ ಸಂದೇಶ ಬರುತ್ತದೆ. ವಿಂಡೋವನ್ನು ಸ್ಪರ್ಶಕ್ಕೆಂದು ನೋಂದಾಯಿಸಿದರೆ ಹಸಿ ಸ್ಪರ್ಶಗಳು ಬರುತ್ತವೆ, ಸನ್ನೆಗಳು ನಿಲ್ಲುತ್ತವೆ. ಹಸಿ ಸ್ಪರ್ಶದ ಅಂಕಿಗಳು ಪಿಕ್ಸೆಲ್‌ನ ನೂರನೇ ಒಂದು ಭಾಗದಲ್ಲಿರುವುದರಿಂದ ಭಾಗಿಸದೆ ಬಳಸಿದವರ ಚಿತ್ರ ಪರದೆಯಿಂದಾಚೆ ಎಲ್ಲೋ ಹೋಗುತ್ತಿತ್ತು. 2012ರ ವಿಂಡೋಸ್ 8 ಮೌಸ್, ಪೆನ್, ಬೆರಳುಗಳನ್ನು ಸೇರಿಸಿ ‘ಪಾಯಿಂಟರ್’ ಸಂದೇಶಗಳನ್ನು ತಂದಿತು. ಹಲವು ವೇದಿಕೆಗಳಿಗೆ ಒಂದೇ ಕೋಡ್ ಬರೆಯುವ ಡಬ್ಲ್ಯುಎಕ್ಸ್‌ವಿಜೆಟ್ಸ್‌ಗೆ ಸನ್ನೆಗಳು 3.1.1 ಆವೃತ್ತಿಯಲ್ಲಿ ಸೇರಿದವು. ಅಲ್ಲೂ ಯಾವ ಸನ್ನೆ ಬೇಕೆಂದು ಪ್ರತಿ ವಿಂಡೋಗೆ ಹೇಳಿ ಚಾಲೂ ಮಾಡಬೇಕು. ಅದೇ ಬಗೆಯ ಜಿಟಿಕೆಗೆ ಸನ್ನೆಗಳು 2014ರ 3.14ರಲ್ಲಿ ಬಂದವು.

ಟ್ರ್ಯಾಕ್‌ಪ್ಯಾಡ್‌ನಲ್ಲಿ ಬೆರಳು ಪರದೆಯ ಯಾವ ವಸ್ತುವನ್ನೂ ಮುಟ್ಟುತ್ತಿಲ್ಲ. ಆದ್ದರಿಂದ ಬೆರಳಿನ ಜಾಗ ಪ್ಯಾಡಿನ ಅಗಲ ಎತ್ತರದ ಭಾಗವಾಗಿ ಬರುತ್ತದೆ, ಸನ್ನೆ ಯಾರಿಗೆ ಎಂಬುದನ್ನು ಕರ್ಸರ್ ಇರುವ ಜಾಗ ನಿರ್ಧರಿಸುತ್ತದೆ, ಹಿಗ್ಗಿಸುವ ಕೇಂದ್ರವೂ ಕರ್ಸರ್ರೇ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಟ್ರ್ಯಾಕ್‌ಪ್ಯಾಡ್ ಪಿಂಚ್ ‘ಕಂಟ್ರೋಲ್ ಕೀ ಒತ್ತಿದ ಮೌಸ್ ಚಕ್ರ’ದ ವೇಷದಲ್ಲಿ ಬರುತ್ತದೆ. ವಿಚಿತ್ರ ಅನಿಸಿದರೂ, ಕಂಟ್ರೋಲ್ ಹಿಡಿದು ಚಕ್ರ ತಿರುಗಿಸಿದರೆ ಹಿಗ್ಗುವ ಹಳೆಯ ನಕ್ಷೆಪುಟಗಳು ಇದರಿಂದಾಗಿ ಏನೂ ಬದಲಿಸದೆ ಟ್ರ್ಯಾಕ್‌ಪ್ಯಾಡ್‌ನಲ್ಲೂ ನಡೆದವು.

ಎರಡು ಹೆಬ್ಬೆರಳಿನ ಟೈಪಿಂಗ್

ಸನ್ನೆ ಅಲ್ಲದ ಕಡೆಯೂ ಮಲ್ಟಿಟಚ್ ಇವೆಂಟ್‌ಗಳ ಕ್ರಮ ಮುಖ್ಯ. ಫೋನಿನ ಕೀಲಿಮಣೆಯಲ್ಲಿ ಬೇಗ ಟೈಪ್ ಮಾಡುವವರ ಒಂದು ಹೆಬ್ಬೆರಳು ಏಳುವ ಮೊದಲೇ ಇನ್ನೊಂದು ಇಳಿದಿರುತ್ತದೆ. ಅಕ್ಷರ ಮೂಡುವುದು ಬೆರಳು ಎದ್ದಾಗ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಕನ್ನಡ’ ಬರೆಯಲು ಕ, ನ, ಹಲಂತ, ನ, ಡ ಎಂಬ ಕ್ರಮ ಬೇಕು. ಹಲಂತದ ಮೇಲಿನ ಬೆರಳು ನಿಧಾನವಾಗಿ ಎದ್ದು, ನಂತರ ಇಳಿದ ‘ನ’ದ ಬೆರಳು ಮೊದಲೇ ಎದ್ದರೆ ಮೂಡುವುದು ‘ಕನನ್ಡ’. ಇಂಗ್ಲಿಷಿನಲ್ಲಿ ಎರಡು ಅಕ್ಷರ ಅದಲುಬದಲಾದರೆ ಕಣ್ಣಿಗೆ ಸಣ್ಣ ತಪ್ಪು. ಇಲ್ಲಿ ಒತ್ತಕ್ಷರವೇ ಬೇರೆ ಅಕ್ಷರಕ್ಕೆ ಅಂಟಿ ಪದ ರೂಪಗೆಡುತ್ತದೆ. ಆದ್ದರಿಂದ ಒಳ್ಳೆಯ ಕೀಲಿಮಣೆ ಎರಡನೆಯ ಬೆರಳು ಇಳಿದ ಕ್ಷಣದಲ್ಲೇ ಮೊದಲಿನದು ಎದ್ದಿತೆಂದು ಭಾವಿಸಿ ಅದರ ಅಕ್ಷರವನ್ನು ಮೂಡಿಸಿಬಿಡುತ್ತದೆ.

ಪೇಟೆಂಟ್

ಒಂದು ಬೆರಳಿದ್ದರೆ ಜಾರಿಕೆ, ಎರಡಿದ್ದರೆ ಸನ್ನೆ ಎಂದು ಇವೆಂಟನ್ನು ವಿಂಗಡಿಸುವ ವಿಧಾನದ ಮೇಲೆ ಆಪಲ್ 7,844,915 ಸಂಖ್ಯೆಯ ಅಮೆರಿಕನ್ ಪೇಟೆಂಟ್ ಪಡೆದಿತ್ತು. ಸ್ಯಾಮ್‌ಸಂಗ್ ವಿರುದ್ಧ 2012ರ ಆಗಸ್ಟ್‌ನಲ್ಲಿ ಬಂದ ತೀರ್ಪಿನಲ್ಲಿ ಉಲ್ಲಂಘನೆಯಾಗಿದೆ ಎಂದು ಜ್ಯೂರಿ ಹೇಳಿದ ಪೇಟೆಂಟ್‌ಗಳಲ್ಲಿ ಇದೂ ಒಂದು. ಮುಂದೆ ಪೇಟೆಂಟ್ ಕಚೇರಿಯ ಮರುಪರಿಶೀಲನೆಯಲ್ಲಿ ಇದರ ಹಕ್ಕುಗಳು ತಿರಸ್ಕೃತವಾದವು.

ಎಲ್ಲರಿಗೂ ಎಟುಕುವಂತೆ

ಒಂದೇ ಕೈ ಬಳಸುವವರು, ಕೈ ನಡುಗುವವರು, ಕಡ್ಡಿಯನ್ನು ಬಾಯಲ್ಲಿ ಹಿಡಿದು ಪರದೆ ಮುಟ್ಟುವವರು ಇದ್ದಾರೆ. 2018ರ ಜೂನ್‌ನಲ್ಲಿ ಬಂದ ವೆಬ್ ಸುಗಮತೆ ಮಾರ್ಗಸೂಚಿಯ 2.1 ಆವೃತ್ತಿಯ ಪ್ರಕಾರ, ಹಲವು ಬೆರಳಿನಿಂದ ಆಗುವ ಕೆಲಸ ಒಂದೇ ಬೆರಳಿನ ಸರಳ ತಟ್ಟಿನಿಂದಲೂ ಆಗಬೇಕು. ನಕ್ಷೆಯ ಮೂಲೆಯ ಪ್ಲಸ್, ಮೈನಸ್ ಬಟನ್‌ಗಳನ್ನು ‘ಯಾರು ಬಳಸುತ್ತಾರೆ’ ಎಂದು ತೆಗೆದುಹಾಕುವ ವಿನ್ಯಾಸಕಾರರು ಇದನ್ನು ಓದಬೇಕು. ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್, ಟಾಕ್‌ಬ್ಯಾಕ್ ಚಾಲೂ ಇದ್ದಾಗ ಒಂದು ಬೆರಳಿನ ಚಲನೆ ಅವುಗಳ ಪಾಲಾಗುತ್ತದೆ. ಆಪ್ ಕಟ್ಟಿದ ಸನ್ನೆಗಳು ಆಗ ಅದಕ್ಕೆ ತಲುಪುವುದೇ ಇಲ್ಲ. ಅದೇ ಕೆಲಸವನ್ನು ಹೆಸರಿಟ್ಟ ಕ್ರಿಯೆಯಾಗಿಯೂ ವ್ಯವಸ್ಥೆಗೆ ತಿಳಿಸಿರಬೇಕು.

ಪರೀಕ್ಷೆ

ಕಂಪ್ಯೂಟರ್‌ನಲ್ಲಿ ಫೋನನ್ನು ಅನುಕರಿಸುವ ತಂತ್ರಾಂಶಗಳಲ್ಲಿ ಒಂದು ಕೀ ಹಿಡಿದು ಮೌಸ್ ಎಳೆದರೆ ಎರಡು ಬೆರಳು ಕಾಣುತ್ತವೆ: ಐಓಎಸ್‌ನದರಲ್ಲಿ ಆಪ್ಷನ್ ಕೀ, ಆಂಡ್ರಾಯ್ಡ್‌ನದರಲ್ಲಿ ಕಂಟ್ರೋಲ್ ಅಥವಾ ಕಮಾಂಡ್. ಆದರೆ ಅವು ಒಂದು ಕೇಂದ್ರದ ಸುತ್ತ ಒಂದಕ್ಕೊಂದು ಕನ್ನಡಿಯಂತೆ ಚಲಿಸುತ್ತವೆ, ಒಟ್ಟಿಗೇ ಇಳಿದು ಒಟ್ಟಿಗೇ ಏಳುತ್ತವೆ. ನಡುಬಿಂದು ಕದಲದ ಕಾರಣ ಕೇಂದ್ರದ ಲೆಕ್ಕದ ತಪ್ಪು ಅಲ್ಲಿ ಕಾಣುವುದಿಲ್ಲ, ಮೊದಲ ಬೆರಳು ಮೊದಲು ಎದ್ದಾಗಿನ ನೆಗೆತವೂ ಕಾಣುವುದಿಲ್ಲ. ಸನ್ನೆ ಗುರುತಿಸುವ ಭಾಗವನ್ನು ಪರದೆಯಿಂದ ಬೇರ್ಪಡಿಸಿ, ಸಮಯ ಮತ್ತು ಬಿಂದುಗಳ ಪಟ್ಟಿಯೊಂದನ್ನು ಕೊಟ್ಟರೆ ಸನ್ನೆ ಹೇಳುವಂತೆ ಬರೆದುಕೊಂಡರೆ ಇದಕ್ಕೆ ಉತ್ತರ ಸಿಗುತ್ತದೆ. ನಿಜವಾದ ಫೋನಿನಲ್ಲಿ ನಿಜವಾದ ಕೈಗಳ ಸ್ಪರ್ಶವನ್ನು ದಾಖಲಿಸಿ, ಅದನ್ನೇ ಮತ್ತೆಮತ್ತೆ ಓಡಿಸಬಹುದು. ಲಿನಕ್ಸ್‌ನಲ್ಲಿ ಇದಕ್ಕೆ ‘ಲಿಬ್‌ಇನ್‌ಪುಟ್ ರೆಕಾರ್ಡ್’ನಂಥ ಸಲಕರಣೆಯೂ ಇದೆ. ದಾಖಲಿಸುವಾಗ ಬಿಡದೆ ಸೇರಿಸಬೇಕಾದವು: ಎರಡು ಬೆರಳಿನಲ್ಲಿ ಮೊದಲಿನದು ಮೊದಲು ಏಳುವುದು, ಹಿಗ್ಗಿಸುವ ನಡುವೆ ಅಂಗೈ ಅಂಚು ತಾಗುವುದು, ಎರಡೂ ಬೆರಳು ಹಿಗ್ಗಿಸುತ್ತಲೇ ಒಂದು ದಿಕ್ಕಿಗೆ ಸರಿಯುವುದು, ಮತ್ತು ಎಳೆಯುತ್ತಿರುವಾಗಲೇ ಯಾರದೋ ಕರೆ ಬರುವುದು.